ಊಟಿಯಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆ

ಇವತ್ತು ಬೆಳಿಗ್ಗೆ ಕೊಡಿಗೇಹಳ್ಳಿಯ ಚಳಿಗೆ ಬಾಟಲಿಯ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ಅಜ್ಜಿ ನೆನಪಾದಳು.

ನಾನು ಚಿಕ್ಕವಳಿದ್ದಾಗ ನಾವು ಅಂಡಮಾನಿನಲ್ಲಿದ್ದೆವು. ಅಲ್ಲೇ ಹುಟ್ಟಿದ ಅಜ್ಜಿ ಚಳಿ ಕಂಡವಳಲ್ಲ. ಒಮ್ಮೆ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಹಡಗು, ರೈಲು, ಬಸ್ಸು ಹತ್ತಿ ಊಟಿಗೆ ಹೋದೆವು. ಮೊದಲ ಬೆಳಿಗ್ಗೆ ನನ್ನ ತಲೆ ಬಾಚಲು ಕೂತ ಅಜ್ಜಿ, "ಎಣ್ಣೆ ಕೆಟ್ಟೋಗಿದೆ ಕಣೇ," ಎಂದು ಬಾಟಲಿ ಎಸೆಯಲು ಹೊರಟಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ದಿನವಿಡೀ ಅದೇ ತಮಾಷೆ.

ಆಮೇಲೆ ಅಜ್ಜಿ ಚಳಿಯ ಮಾತೇ ಎತ್ತಲಿಲ್ಲ. ನಡುಗುತ್ತಿದ್ದರೂ, ಕೇಳಿದವರಿಗೆಲ್ಲ "ನಂಗೇನೂ ಆಗಿಲ್ಲ" ಅಂದಳು. ನಾಲ್ಕನೇ ದಿನ ಜ್ವರ ನೆತ್ತಿಗೇರಿತು. ನಾವು ವಾಪಸ್ ಹಡಗು ಹತ್ತುವಾಗ ಎಣ್ಣೆ ಕರಗಿತ್ತು, ಅಜ್ಜಿ ಜೊತೆಯಲ್ಲಿರಲಿಲ್ಲ.

"ಅಮ್ಮಾ, ಎಣ್ಣೆ ಹಾಳಾಗಿದ್ಯಾ?" ಎಂದು ಇವತ್ತು ಬಾಟಲಿ ಹಿಡಿದು ಬಂದ ಮಗಳು ಕೇಳಿದಳು.

ನಾನು ನಗಲಿಲ್ಲ. ಅವಳ ಕೈ ಮುಟ್ಟಿ ನೋಡಿದೆ. ತಣ್ಣಗಿತ್ತು.