ಪೂರ್ವಕ್ಕೆ ಸರಿದ ರಸ್ತೆ

ಅಪರೂಪಕ್ಕೆ ನಮ್ಮ ಹಾಸನದಲ್ಲಿ ಸರ್ಕಾರ ಜನರ ಮಾತು ಕೇಳಿದೆ. ಅವತ್ತಿನಿಂದ ನನ್ನ ತಮ್ಮ ಮಂಜನಿಗೆ ಊಟ ಸೇರುತ್ತಿಲ್ಲ.

ತಮಾಷೆ ಮಾಡುತ್ತಿಲ್ಲ. (ತಮಾಷೆ ಮಾಡುವಷ್ಟು ಶಕ್ತಿ ಈ ವಾರ ನನಗಿಲ್ಲ.)

ಮಂಜ ಇರುವುದು ದುದ್ದದ ಹತ್ತಿರದ ನಮ್ಮ ತವರಿನಲ್ಲಿ. ಒಂದಿಷ್ಟು ರಾಗಿ, ತೆಂಗಿನ ತೋಟ, ಸೀಮೆ ಹಸು. ಹಳೆಯ ಮನೆ ಅಣ್ಣತಮ್ಮಂದಿರಲ್ಲಿ ಭಾಗವಾಗಿ ಅವನ ಪಾಲಿಗೆ ಬಂದದ್ದು ಪಡಸಾಲೆ ಮತ್ತು ಅಡುಗೆಮನೆ. ಅವನ ಹೆಂಡತಿ ಸುಧಾ ಮದುವೆಯಾಗಿ ಬಂದಾಗಿನಿಂದ ಬಾಗಿಲು ಹಾಕಿಕೊಳ್ಳುವಂಥ ಒಂದು ರೂಮು ಕಂಡಿಲ್ಲ. ಕೊನೆಗೂ ಈ ವರ್ಷ ತೋಟದಲ್ಲಿ ಪೂಜೆ ಮಾಡಿಸಿ ಹೊಸ ಮನೆಗೆ ಪಾಯ ತೆಗೆದಿದ್ದರು.

ಅದಕ್ಕೂ ಮುಂಚೆ ಹಾಸನದ ಮಾಸ್ಟರ್ ಪ್ಲಾನಿನ ಕರಡು ನಕ್ಷೆ ಬಂದಿತ್ತು. ಊರು ಬೆಳೆಯುತ್ತದಂತೆ, ಹಾಗಾಗಿ ಸುತ್ತಲಿನ ಹಳ್ಳಿಗಳೂ ಅದರೊಳಗೆ. ಮನೆಗಳಿಗೆ ಹಳದಿ, ಕಾರ್ಖಾನೆಗೆ ನೇರಳೆ, ಪಾರ್ಕಿಗೆ ಹಸಿರು. ನಮ್ಮೂರಿನ ಪಕ್ಕದಲ್ಲಿ ಒಂದು ದಪ್ಪ ಬೂದು ಗೆರೆ. ಅದು ಹೊಸ ರಸ್ತೆ. ಆಕ್ಷೇಪಣೆಗಳಿದ್ದರೆ ಅವಧಿಯೊಳಗೆ ಸಲ್ಲಿಸಿ ಎಂಬ ಪ್ರಕಟಣೆ ಪೇಪರಿನ ಮೂಲೆಯಲ್ಲಿ, ಟೆಂಡರುಗಳ ನಡುವೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿತ್ತು. ನೀವು ಓದಿದಿರಾ? ನಾನೂ ಓದಿರಲಿಲ್ಲ.

ಆ ಗೆರೆ ಹೋಗಿದ್ದು ಮಂಜನ ಪಕ್ಕದ ರಂಗೇಗೌಡರ ಹೊಲದ ಮೇಲೆ, ಇನ್ನೂ ಕೆಲವರ ಹೊಲಗಳ ಮೇಲೆ. ಮಂಜನ ತೋಟಕ್ಕೆ ಅದು ತಾಕಿರಲಿಲ್ಲ.

ನಮ್ಮ ಕಡೆ ಊರು ಸೇರುವುದು ಬೆಳಗ್ಗೆ, ಹಾಲಿನ ಡೈರಿ ಮುಂದೆ. ಹಾಲು ಹಾಕಲು ಎಲ್ಲರೂ ಬರಲೇಬೇಕಲ್ಲ. ಪ್ರಕಟಣೆ ಓದಿದ ಯಾರೋ ಸುದ್ದಿ ತಂದರು, ಅರ್ಜಿ ಅಲ್ಲೇ ತಯಾರಾಯಿತು. ರಸ್ತೆಯನ್ನು ಸ್ವಲ್ಪ ಪೂರ್ವಕ್ಕೆ ಸರಿಸಿ ಎಂದು ಕೇಳಿದ್ದರು. ಕ್ಯೂನಲ್ಲಿ ಕ್ಯಾನು ಹಿಡಿದು ನಿಂತವರೆಲ್ಲ ಸೈನ್ ಹಾಕಿದರು. ಹಾಕದಿದ್ದರೆ ಮಾರನೇ ದಿನ ಅದೇ ಕ್ಯೂನಲ್ಲಿ ಮುಖ ತೋರಿಸುವುದು ಹೇಗೆ? ಎಲ್ಲರಿಗಿಂತ ಮೊದಲು ಸೈನ್ ಹಾಕಿದವನು ನಮ್ಮ ಮಂಜ. ರಂಗೇಗೌಡರನ್ನು ತನ್ನ ಬೈಕಿನಲ್ಲೇ ಕೂರಿಸಿಕೊಂಡು ಹಾಸನಕ್ಕೆ ಹೋಗಿ ಅರ್ಜಿ ಕೊಟ್ಟೂ ಬಂದ.

ಪೂರ್ವಕ್ಕೆ ಇರುವುದು ಕೆರೆ. ಅದರ ಅಂಚಿನ ಸರ್ಕಾರಿ ಜಾಗದಲ್ಲಿ ರಸ್ತೆ ಹೋಗಲಿ ಎಂದು ಊರಿನವರ ಲೆಕ್ಕ. ಕೆರೆಯ ಅಂಚನ್ನು ಮುಟ್ಟುವಂತಿಲ್ಲ ಎಂದು ನಕ್ಷೆ ಮಾಡುವ ಆಫೀಸಿನವರ ಲೆಕ್ಕ. ಕೆರೆಗೂ ರಂಗೇಗೌಡರ ಹೊಲಕ್ಕೂ ನಡುವೆ ಇರುವುದು ಮಂಜನ ತೋಟ ಒಂದೇ.

ಮೊನ್ನೆ ಬೆಳಗ್ಗೆ ಮಂಜ ಹೆಲ್ಮೆಟ್ಟೂ ತೆಗೆಯದೆ ಹಾಸನದ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ.

“ಅಕ್ಕ, ರೋಡು ನನ್ ತ್ವಾಟಕ್ಕೇ ಬಂದ್ಬುಟ್ಟೈತೆ. ಪಾಯದ್ ಮ್ಯಾಲೇ ಓಗೈತಂತೆ. ಮನೆ ಕಟ್ಟಾಕೆ ಪರ್ಮಿಷನ್ ಕೊಡಾಕಿಲ್ಲ ಅಂದ್ರು.”

ಕರೆದುಕೊಂಡು ಆಫೀಸಿಗೆ ಹೋದೆ. ಅಧಿಕಾರಿ ಕೂರಿಸಿದರು, ಕುಡಿಯಲು ನೀರು ಕೊಟ್ಟರು. (ರೇಗುವವರಾಗಿದ್ದರೆ ನನಗೂ ಸುಲಭವಾಗುತ್ತಿತ್ತು.)

“ಆಕ್ಷೇಪಣೆಯ ಅವಧಿ ಮುಗಿದಿದೆ, ಮೇಡಂ.”

“ಆಗ ಇವನ ತೋಟದ ಮೇಲೆ ಗೆರೆಯೇ ಇರಲಿಲ್ಲವಲ್ಲ ಸಾರ್?”

“ಇರಲಿಲ್ಲ. ಇಲ್ಲದ ಗೆರೆಗೆ ಆಕ್ಷೇಪಣೆ ಹೇಗೆ ಕೊಡ್ತೀರಿ?”

“ಈಗ ಇದೆಯಲ್ಲ.”

“ಈಗ ಅವಧಿ ಇಲ್ಲ. ನಕ್ಷೆ ಒಪ್ಪಿಗೆಗೆ ಮೇಲಕ್ಕೆ ಹೋಗಿದೆ.” ಆಮೇಲೆ ಮೆಲ್ಲಗೆ ಹೇಳಿದರು, “ಜನ ಕೇಳಿದರು ಅಂತಲೇ ಬದಲಾಯಿಸಿದ್ದು, ಮೇಡಂ. ಅರ್ಜಿಯಲ್ಲಿ ಮೊದಲ ಸೈನ್ ಇವರದೇ.”

ಮಂಜ ಕೂತಲ್ಲೇ ಕುಗ್ಗಿಹೋದ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸುಸ್ತಾಯಿತು, ಅಷ್ಟೇ.

ಜನರ ಅಭಿಪ್ರಾಯ ಕೇಳಿ, ಕೇಳಿ ಎಂದು ಎಷ್ಟು ವರ್ಷದಿಂದ ಹೇಳುತ್ತಿದ್ದೇವೆ? ಕೇಳಿದರು. ನಾವು ಹೇಳಿದ್ದೇನು? ನನ್ನ ಹೊಲ ಒಂದು ಬಿಟ್ಟು ಎಲ್ಲಾದರೂ ಹೋಗಲಿ. ಈ ರಸ್ತೆ ಯಾರಿಗೆ ಬೇಕು, ಇರುವ ರಸ್ತೆಯನ್ನೇ ಅಗಲ ಮಾಡಿದರೆ ಸಾಲದೇ ಎಂದು ಒಬ್ಬರಾದರೂ ಬರೆದಿದ್ದರೆ? ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಓದುಗರು ಇದು ಹಾಸನದವರ ತಲೆನೋವು ಎಂದು ಪುಟ ಮಗುಚಬೇಡಿ. ಬಣ್ಣದ ನಕ್ಷೆ ನಿಮ್ಮೂರಿಗೂ ಬರುತ್ತದೆ. ಬಂದಾಗ ದಯವಿಟ್ಟು ನಿಮ್ಮ ಜಮೀನಿನ ಆಚೆಗೂ ಒಂದಿಷ್ಟು ನೋಡಿ. ನೋಡುತ್ತೀರಿ ಎಂಬ ನಂಬಿಕೆ ನನಗೇನೂ ಇಲ್ಲ.

ಸಂಜೆ ಅವನ ಜೊತೆ ಊರಿಗೆ ಹೋದೆ. ಸುಧಾ ಕಾಫಿ ಕೊಟ್ಟಳು, ಆಫೀಸಿನಲ್ಲಿ ಏನಾಯಿತು ಎಂದು ಕೇಳಲಿಲ್ಲ. ನಮ್ಮಿಬ್ಬರ ಮುಖ ನೋಡಿಯೇ ಅವಳಿಗೆ ಗೊತ್ತಾಗಿರಬೇಕು. ಅಷ್ಟರಲ್ಲಿ ರಂಗೇಗೌಡರು ಬಂದರು. ಕೂರಿ ಎಂದರೂ ಕೂರದೆ ಕಂಬ ಹಿಡಿದು ನಿಂತರು.

“ನಮ್ಮಿಂದ ಇಂಗಾಯ್ತು ಕಣ್ಲಾ ಮಂಜ. ನೀನೂ ಒಂದ್ ಅರ್ಜಿ ಬರ್ಸು. ಬೆಂಗ್ಳೂರ್ಗೇ ಕಳ್ಸಾನ. ಊರೋರೆಲ್ಲ ಸೈನ್ ಆಕ್ತೀವಿ. ನಾನೇ ಫಸ್ಟ್ ಆಕ್ತೀನಿ.”

ಬಾಯಿಮಾತಿಗೆ ಹೇಳಿದ್ದಲ್ಲ. ಅವರ ಕಣ್ಣು ತುಂಬಿತ್ತು. ಮಂಜ ಕಾಫಿ ಲೋಟ ಕೆಳಗಿಟ್ಟ.

“ಯಾರ್ ಕಡೀಕೆ ಸರ್ಸಿ ಅಂತ ಬರ್ಸ್ಲಿ, ಗೌಡ್ರೇ?”