ಹೆಚ್ಚಾದ ಒಂದು ಗೀಟು

ನಮ್ಮೂರಿನ ರೇಸ್ ಟ್ರ್ಯಾಕ್ ಮೊದಲು ವಿಮಾನ ಇಳಿಯುವ ಬಯಲಾಗಿತ್ತು. ವಿಮಾನ ಬರುವುದು ನಿಂತ ಮೇಲೆ ಗ್ಯಾರೇಜಿನವರು ಅಂಚಿಗೆ ಹಳೆಯ ಟೈರು ಜೋಡಿಸಿ ಕಾರು ಓಡಿಸಲು ಶುರು ಮಾಡಿದರು. ಓಡಿಸುವವರು ಬೇಕಾದಷ್ಟಿದ್ದರು, ಯಾರು ಎಷ್ಟು ಸುತ್ತು ಬಂದರೆಂದು ಎಣಿಸಲು ಮಾತ್ರ ಒಂದು ನರಪಿಳ್ಳೆಯೂ ಸಿಗಲಿಲ್ಲ. ಕೊನೆಗೆ ಹೊಲಿಗೆ ಅಂಗಡಿ ಇಟ್ಟಿದ್ದ ನಮ್ಮ ಸೋದರತ್ತೆಯನ್ನು ಕರೆದು ಕೂರಿಸಿದರು. ಒಂದು ದಿನಕ್ಕೆಂದು ಹೋದವಳು ಮೂವತ್ತೊಂದು ವರ್ಷ ಕೂತಳು.

ನೆಲದ ಮೇಲಿನ ಬಿಳಿ ಗೆರೆಯನ್ನು ಕಾರು ದಾಟಿದಾಗಲೆಲ್ಲ ಅದರ ನಂಬರಿನ ಎದುರು ಒಂದು ಗೀಟು. ಅಷ್ಟೇ ಕೆಲಸ. ಪಕ್ಕದಲ್ಲಿ ಯಾರಾದರೂ ಬಾಯಿಬಿಟ್ಟರೆ ಪೆನ್ಸಿಲು ತೋರಿಸಿ ಗದರಿಸುತ್ತಿದ್ದಳು. ಟ್ರ್ಯಾಕಿನ ಅಧ್ಯಕ್ಷರಿಗೂ ಅದೇ ಮರ್ಯಾದೆ.

ಅವಳ ತಮ್ಮ, ಅಂದರೆ ನಮ್ಮಪ್ಪ, ಹನ್ನೆರಡು ವರ್ಷ ಓಡಿಸಿ ಒಮ್ಮೆಯೂ ಗೆದ್ದಿರಲಿಲ್ಲ. ಹದಿಮೂರನೆಯ ವರ್ಷ, ನಲವತ್ತು ಸುತ್ತಿನ ಓಟದಲ್ಲಿ ಗೆದ್ದ. ಕಪ್ ಹಿಡಿದು ಮಗುವಿನಂತೆ ಕಣ್ಣೀರು ಹಾಕಿದ.

ಜನ ಅವನನ್ನು ಎತ್ತಿ ಕುಣಿಸುತ್ತಿದ್ದರೆ ಅತ್ತೆ ತನ್ನ ಹಾಳೆಯನ್ನೇ ನೋಡುತ್ತಿದ್ದಳು. ಓಟದ ನಡುವೆ ಟೈರು ಬದಲಿಸಲು ಬಂದ ಅಪ್ಪ ಆತುರದಲ್ಲಿ ಗೆರೆಯ ಹಿಂದಿದ್ದ ತನ್ನ ಜಾಗ ಬಿಟ್ಟು ಮುಂದೆ ಹೋಗಿ, ಗೆರೆ ದಾಟಿ ನಿಂತಿದ್ದ. ಮೆಕ್ಯಾನಿಕ್‌ಗಳು ಕಾರನ್ನು ಹಿಂದಕ್ಕೆ ತಳ್ಳಿದ್ದರು. ಹೊರಡುವಾಗ ಅದು ಅದೇ ಗೆರೆಯನ್ನು ಮತ್ತೆ ದಾಟಿತ್ತು. ಒಂದೇ ಸುತ್ತಿಗೆ ಅತ್ತೆ ಎರಡು ಗೀಟು ಹಾಕಿಬಿಟ್ಟಿದ್ದಳು. ಅಪ್ಪ ಓಡಿಸಿದ್ದು ಮೂವತ್ತೊಂಬತ್ತೇ ಸುತ್ತು. ನಲವತ್ತನ್ನು ಮೊದಲು ಮುಗಿಸಿದವನು ಎರಡನೆಯವನೆನಿಸಿಕೊಂಡಿದ್ದ ಒಬ್ಬ ಲಾರಿ ಡ್ರೈವರ್.

ಯಾರೂ ಗಮನಿಸಿರಲಿಲ್ಲ. ಸುಮ್ಮನಿರುವುದು ಅವಳ ಜಾಯಮಾನವಲ್ಲ. ಜನರ ನಡುವೆ ನುಗ್ಗಿ ಅಪ್ಪನೆದುರು ನಿಂತಳು.

"ಕಪ್ ಕೊಡೋ. ಇದು ನಿಂದಲ್ಲ. ನಾನು ಒಂದು ಗೀಟು ಜಾಸ್ತಿ ಹಾಕಿದೀನಿ."

"ಅಕ್ಕಾ, ಯಾರಿಗೂ ಗೊತ್ತಾಗಲ್ಲ," ಅಪ್ಪ ಮೆಲ್ಲಗೆ ಅಂದ.

"ನಂಗೆ ಗೊತ್ತಲ್ಲ!"

ತೀರ್ಪುಗಾರರೂ "ಹೋಗ್ಲಿ ಬಿಡಮ್ಮ" ಎಂದರು. ಅವಳು ಬಿಡಲಿಲ್ಲ. ಹಾಳೆಯ ಕೆಳಗೆ 'ತಪ್ಪು ನನ್ನದು' ಎಂದು ಬರೆದು ಸಹಿ ಹಾಕಿ, ಕಪ್ಪನ್ನು ತಾನೇ ಒಯ್ದು ಲಾರಿ ಡ್ರೈವರನ ಕೈಗಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ಇಡೀ ವರ್ಷ ಅವಳ ಮನೆಯ ಹೊಸಿಲು ತುಳಿಯಲಿಲ್ಲ.

ಮರುವರ್ಷ ಟ್ರ್ಯಾಕಿನವರು ಸಭೆ ಸೇರಿ, ತಪ್ಪು ಮಾಡಿದವಳು ಬೇಡ, ಬೇರೆಯವರನ್ನು ಕೂರಿಸೋಣ ಎಂದರು. ಅತ್ತೆ ಮೂಲೆಯಲ್ಲಿ ಕೂತಿದ್ದಳು. ಆಗ ಅಪ್ಪ ಎದ್ದ.

"ನಮ್ಮಕ್ಕ ಎಣಿಸಲ್ಲ ಅಂದ್ರೆ ನಾನು ಕಾರು ಇಳಿಸಲ್ಲ. ಅವಳ ತಪ್ಪನ್ನ ಹಿಡಿದಿದ್ದು ನೀವ್ಯಾರಾದ್ರೂನಾ?"

ಆ ವರ್ಷವೂ ಅತ್ತೆಯೇ ಎಣಿಸಿದಳು. ಅಪ್ಪ ಇನ್ನೂ ಆರು ವರ್ಷ ಓಡಿಸಿದ, ಒಮ್ಮೆಯೂ ಗೆಲ್ಲಲಿಲ್ಲ.