ಮಠದ ದಿಬ್ಬದಲ್ಲಿ ಬಿಚ್ಚಿಟ್ಟ ಲಿಂಗ

ಆಗೆಲ್ಲ ಶ್ರಾವಣದ ಕೊನೆಯ ಸೋಮವಾರ ಬಂತೆಂದರೆ ಅಜ್ಜಿ ನನ್ನನ್ನು ಕರೆದುಕೊಂಡು ಅಜ್ಜಂಪುರದಿಂದ ಬುಕ್ಕಾಂಬುಧಿ ಬಸ್ಸು ಹತ್ತುತ್ತಿದ್ದಳು. ಕೆರೆಯಾಚೆ ಹಳೇಮಠದ ದಿಬ್ಬ. ನೂರಾರು ವರ್ಷದ ಹಿಂದೆ ಅಲ್ಲಿ ದೊಡ್ಡ ಮಠವಿತ್ತಂತೆ. ನಾನು ಕಂಡದ್ದು ಮೊಣಕಾಲೆತ್ತರದ ಕಲ್ಲಿನ ಸಾಲು, ಲಂಟಾನ ಪೊದೆ, ಆಡಿನ ಹಿಕ್ಕೆಯ ವಾಸನೆ. ಅಜ್ಜಿಗೆ ಮಾತ್ರ ಅದು ಇನ್ನೂ ಮಠವೇ. ಇಲ್ಲದ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು. ನಾನು ಕಲ್ಲು ಹಾರಿದರೆ, "ಲೇ, ಗೋಡೆ ತೂರ್ಕೊಂಡು ಬತ್ತಾರೇನೇ?" ಎಂದು ಗದರುತ್ತಿದ್ದಳು.

ಎಪ್ಪತ್ತರ ದಶಕದಲ್ಲಿ ಇದು ನಡೆದ ವರ್ಷ ನನಗೆ ಎಂಟು. ಬೇಸಿಗೆಯಲ್ಲಷ್ಟೇ ಸ್ವಾಮಿಗಳು ನನ್ನ ಕೊರಳಿಗೆ ಇಷ್ಟಲಿಂಗ ಕಟ್ಟಿದ್ದರು. ಅದು ಮೈಮೇಲಿಂದ ಇಳಿಯಕೂಡದು, ಕಳೆದರೆ ಸಿಗುವವರೆಗೆ ಹನಿ ನೀರೂ ಕುಡಿಯುವಂತಿಲ್ಲ ಎಂದು ಅಜ್ಜಿ ಹೇಳಿಕೊಟ್ಟಿದ್ದಳು.

ಅಜ್ಜಿ ಕಲ್ಲುಗಳಿಗೆ ವಿಭೂತಿ ಹಚ್ಚುತ್ತಾ ಹೋದಳು. ನಾನು ಕುಂಟಾಬಿಲ್ಲೆ ಶುರುಮಾಡಿದೆ. ಹಳೆಯ ಕೋಣೆಗಳ ತಳಪಾಯ ಆಟಕ್ಕೆಂದೇ ಗೆರೆ ಎಳೆದಂತಿತ್ತು. ಕುಂಟುವಾಗ ಲಿಂಗ ಎದೆಗೆ ಬಡಿಯುತ್ತಿತ್ತು. ಒಂದಾಟ ಮುಗಿಯುವವರೆಗೆ ಇರಲಿ ಎಂದು ಬಿಚ್ಚಿ ಕಲ್ಲಿನ ಸಂದಿಯಲ್ಲಿಟ್ಟೆ. ಆಟದ ಗುಂಗಿನಲ್ಲಿ ಮರೆತೇಬಿಟ್ಟೆ.

"ಬಾರೇ, ಉಣ್ಣಾನ." ಅಜ್ಜಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚಿದ್ದಳು. ನನ್ನ ಕೈ ಎದೆಗೆ ಹೋಯಿತು. ಲಿಂಗವಿಲ್ಲ. ತಿರುಗಿ ನೋಡಿದರೆ ಎಲ್ಲ ಕಲ್ಲೂ ಒಂದೇ ಥರ, ಎಲ್ಲ ಸಂದಿಯೂ ಒಂದೇ ಥರ.

"ಹೊಟ್ಟೆನೋವು ಅಜ್ಜಿ," ಎಂದೆ.

"ಹಂಗಾರೆ ನಂಗೂ ಬ್ಯಾಡ. ಮಗಾ ಉಣ್ಣದೆ ನಾನೆಂಗೆ ಉಣ್ಲಿ?"

ಸೋಮವಾರದ ಒಪ್ಪೊತ್ತೆಂದು ಬೆಳಗಿನಿಂದ ಏನೂ ತಿಂದಿರದ ಅಜ್ಜಿ ಬುತ್ತಿಯನ್ನು ಮತ್ತೆ ಕಟ್ಟತೊಡಗಿದಳು. ನನಗೆ ತಡೆಯಲಾಗಲಿಲ್ಲ, ಗೊಳೋ ಎಂದು ಅತ್ತು ಎಲ್ಲ ಹೇಳಿಬಿಟ್ಟೆ.

"ಬಿಚ್ಚಿಟ್ಯಾ? ನೀನಾಗೇ?" ಅಜ್ಜಿಯ ಮುಖ ಬಿಳಿಚಿಕೊಂಡಿತು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಕಲ್ಲಿನಿಂದ ಕಲ್ಲಿಗೆ ಮಂಡಿಯೂರಿ ತಡಕಾಡಿದಳು. ಬಿಸಿಲು ಇಳಿಯಿತು. ಬಾಯಾರಿ ನಾಲಗೆ ಅಂಟಿಕೊಂಡಿತು. ನಾನೂ ಇಲ್ಲೇ ಸಾಯುತ್ತೇನೆ, ಅಜ್ಜಿಯನ್ನೂ ಸಾಯಿಸುತ್ತೇನೆ ಅಂದುಕೊಂಡೆ.

ಕೊನೆಗೆ ಅಜ್ಜಿ ಬಿಲ್ಲೆಯನ್ನು ನನ್ನ ಕೈಗಿಟ್ಟಳು. "ಆಡು. ಆಗ ಹೆಂಗೆ ಆಡ್ದೆಯೋ ಹಂಗೇ ಆಡು."

"ಲಿಂಗ ಇಲ್ದೇ, ಮಠದಾಗೆ..."

"ಶಿವ ನೋಡ್ಕಂತಾನೆ. ನೀನು ಆಡು ಕಣೇ."

ಅಳುತ್ತಲೇ ಕುಂಟಿದೆ. ಮೂರನೆಯ ಮನೆ ದಾಟಿ ತಿರುಗುವಾಗ ಎಡಗೈ ತಾನಾಗಿ ಒಂದು ಕಲ್ಲಿಗೆ ಊರಿತು. ಅದರ ಸಂದಿಯಲ್ಲಿ ಲಿಂಗ ಸುತ್ತಿದ ಬಿಳಿ ಬಟ್ಟೆ. ಅಜ್ಜಿ ಲಿಂಗ ತೊಳೆದು, ಕಣ್ಣಿಗೊತ್ತಿಕೊಂಡು, ನನ್ನ ಕೊರಳಿಗೆ ಕಟ್ಟಿದಳು. ಗಂಟು ಹಾಕಲು ಅವಳ ಬೆರಳು ಎರಡು ಸಲ ಸೋತವು. ಆಮೇಲೆ ನಾವಿಬ್ಬರೂ ಉಂಡೆವು.

ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ದಿಬ್ಬವನ್ನು ಯಾರೋ ಸಮಮಾಡಿ ಜೋಳ ಬಿತ್ತಿದ್ದಾರೆ. ಲಿಂಗ ಮಾತ್ರ ಕಳೆದಿಲ್ಲ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಭದ್ರವಾಗಿದೆ. ಬರಿಗೊರಳಲ್ಲಿ ದಿನಾ ಮೂರು ಹೊತ್ತು ಉಣ್ಣುತ್ತೇನೆ. ಒಂದು ತುತ್ತೂ ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ.